ತುಕ್ಕಿಗೆ ಹೆದರಿ ಬ್ರೇಕ್ ಸಿಲಿಂಡರಿಗೆ ಎಂಜಿನ್ ಆಯಿಲ್ ಹಚ್ಚಬೇಡಿ

ಹಳೆಯ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ತೊಳೆದು ಹೊಳಪಿಸಿಟ್ಟ ಕಬ್ಬಿಣಕ್ಕೆ ಮತ್ತೆ ತುಕ್ಕು ಬರತೊಡಗುತ್ತದೆ. ಇದೇ ಭಯದಿಂದ ನಾನು, ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ಆ ಒತ್ತಡದಿಂದ ಬ್ರೇಕ್ ಹಿಡಿಸುವ ನಾಲ್ಕೂ ಚಕ್ರಗಳ ವೀಲ್ ಸಿಲಿಂಡರ್‌ಗಳ ಒಳಮೈಗೆ ಎಂಜಿನ್ ಆಯಿಲ್ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದೆ. ಎಂಟು ತಿಂಗಳ ನಂತರ ತೆಗೆದಾಗ ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ಬಟ್ಟೆಯಿಂದ ಒರೆಸಿ, ಪಿಸ್ಟನ್ ಸರಾಗವಾಗಿ ಒಳಹೋಗಲೆಂದು ದ್ರವ ಸೋರದಂತೆ ತಡೆಯುವ ಹೊಸ ರಬ್ಬರ್ ಕಪ್‌ಗಳ ಅಂಚಿಗೂ ಅದೇ ಎಣ್ಣೆಯನ್ನು ಹಚ್ಚಿ ಜೋಡಿಸಿಬಿಟ್ಟೆ.

ನಾವೆಲ್ಲ ‘ಬ್ರೇಕ್ ಆಯಿಲ್’ ಎಂದು ಕರೆಯುವುದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಎಂದು ಬರುವ ದ್ರವಗಳು ಗ್ಲೈಕಾಲ್ ಮೂಲದವು, ಅವುಗಳಿಗೆ ಹೊಂದುವ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ರೂಢಿಯ ಹೆಸರೇ ನನ್ನನ್ನು ದಾರಿ ತಪ್ಪಿಸಿತು ಎಂದು ಈಗಲೂ ಅನ್ನಿಸುತ್ತದೆ.

ಮೂರು ವಾರ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಆಮೇಲೊಂದು ದಿನ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು, ಯಾರೋ ಹಿಂದಿನಿಂದ ಎಳೆದು ಹಿಡಿದಂತೆ ಕಾರು ಮುಂದೆ ಸಾಗದಾಯಿತು, ಲೈನಿಂಗ್ ಸುಟ್ಟ ವಾಸನೆ ಒಳಗೆ ತುಂಬಿತು. ನಿಲ್ಲಿಸಿ ನೋಡಿದರೆ ಡ್ರಮ್‌ಗಳ ಹತ್ತಿರ ಕೈ ಇಡಲಾಗದಷ್ಟು ಕಾವು. ತಣಿದ ಮೇಲೆ ಬ್ಲೀಡಿಂಗ್ ನಿಪ್ಪಲ್ (ದ್ರವ ಹೊರಬಿಡುವ ತಿರುಪು) ಸಡಿಲಿಸಿದಾಗ ದ್ರವ ಚಿಮ್ಮಿ ಹೊರಬಂದಿತು, ಚಕ್ರ ತಿರುಗಿತು. ಮಾಸ್ಟರ್ ಸಿಲಿಂಡರ್ ಬಿಚ್ಚಿ ಅದರ ರಬ್ಬರ್ ಕಪ್ ಅನ್ನು ಹೊಸದರ ಪಕ್ಕದಲ್ಲಿಟ್ಟೆ. ಅದರ ತುಟಿ ದಪ್ಪವಾಗಿ ಹೊರಕ್ಕೆ ಮಗುಚಿತ್ತು, ಉಗುರು ಒತ್ತಿದರೆ ಗುರುತು ಹಾಗೆಯೇ ಉಳಿಯುತ್ತಿತ್ತು. ಪೆಡಲ್ ಬಿಟ್ಟಾಗ ದ್ರವ ತನ್ನ ಟ್ಯಾಂಕಿಗೆ ಮರಳುವ ಸೂಜಿಮೊನೆಯಷ್ಟು ರಂಧ್ರವನ್ನು ಆ ಉಬ್ಬಿದ ತುಟಿಯೇ ಮುಚ್ಚಿಬಿಟ್ಟಿತ್ತು. ಕಾವಿಗೆ ಹಿಗ್ಗಿದ ದ್ರವಕ್ಕೆ ಹೊರದಾರಿ ಇಲ್ಲದೆ, ಲೈನಿಂಗ್ ಅಂಟಿಸಿದ ಬ್ರೇಕ್ ಶೂಗಳು ಡ್ರಮ್ಮನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತ ಹೋದವು. ಇಳಿಜಾರಿನಲ್ಲಿ, ಹಿಂದೆ ಲಾರಿ ಬರುತ್ತಿದ್ದಾಗ ಇದು ಆಗಿದ್ದರೆ ಎಂದು ನೆನೆದರೆ ಮೈ ನಡುಗುತ್ತದೆ.

ಎಣ್ಣೆ ಒಮ್ಮೆ ಸೇರಿದರೆ ಒಂದು ಕಪ್ ಬದಲಿಸಿ ಮುಗಿಸುವಂತಿಲ್ಲ. ಎಲ್ಲ ಕಪ್‌ಗಳು, ರಬ್ಬರ್ ಹೋಸ್‌ಗಳು, ಸುಟ್ಟ ಶೂಗಳು ಹೋದವು, ಲೋಹದ ಪೈಪ್‌ಗಳನ್ನು ಸ್ಪಿರಿಟ್‌ನಿಂದ ತೊಳೆದು ಒಣಗಿಸಬೇಕಾಯಿತು.

ಸಿಲಿಂಡರಿನ ಒಳಮೈಯನ್ನು ತಿಂಗಳುಗಟ್ಟಲೆ ಕಾಪಾಡಲು ಬ್ರೇಕ್ ರಬ್ಬರಿಗೆಂದೇ ತಯಾರಾದ ಕೆಂಪು ಗ್ರೀಸನ್ನು ತೆಳುವಾಗಿ ಹಚ್ಚಿ ಮುಚ್ಚಿಡಿ. ಬ್ರೇಕ್ ದ್ರವವನ್ನೇ ಹಚ್ಚಿ ಬಹುಕಾಲ ಇಡುವುದು ಸರಿಯಲ್ಲ, ಅದು ಗಾಳಿಯ ತೇವವನ್ನು ಹೀರುತ್ತದೆ. ಜೋಡಿಸುವಾಗ ಮಾತ್ರ, ಆಗಷ್ಟೇ ತೆರೆದ ಡಬ್ಬಿಯ ದ್ರವದಲ್ಲಿ ಕಪ್‌ಗಳನ್ನು ಅದ್ದಿ ಕೂರಿಸಿ. ಒಳಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಯಾವ ಗ್ರೀಸೂ ಉಳಿಸದು, ಸಿಲಿಂಡರ್ ಬದಲಿಸಿ ಇಲ್ಲವೇ ಒಳಗೆ ಸ್ಟೇನ್‌ಲೆಸ್ ಸ್ಲೀವ್ (ತೆಳು ಕೊಳವೆ) ಹಾಕಿಸಿ. ಹೊರಭಾಗಕ್ಕೆ ಸಾಮಾನ್ಯ ಸ್ಪ್ರೇ ಪೇಂಟ್ ಬಳಿದರೆ ಬ್ರೇಕ್ ದ್ರವದ ನಾಲ್ಕು ಹನಿಗೇ ಸುಲಿದುಬರುತ್ತದೆ, ಎರಡು ಭಾಗಗಳನ್ನು ಬೆರೆಸಿ ಬಳಿಯುವ ಎಪಾಕ್ಸಿ ಹೆಚ್ಚು ತಾಳುತ್ತದೆ. ಸ್ಪ್ರಿಂಗ್‌ಗಳ ತುಕ್ಕು ತೆಗೆಯಲು ಆಮ್ಲದಲ್ಲಿ ಅದ್ದಲೇಬೇಡಿ, ಗಟ್ಟಿ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತದೆ.

ನೀವೂ ಈಗಾಗಲೇ ಎಣ್ಣೆ ಹಚ್ಚಿ ಜೋಡಿಸಿದ್ದರೆ ಗಾಡಿಯನ್ನು ರಸ್ತೆಗೆ ತರಬೇಡಿ. ಬ್ರೇಕ್ ಟ್ಯಾಂಕಿನಿಂದ ತುಸು ದ್ರವವನ್ನು ನೀರಿರುವ ಗಾಜಿನ ಶೀಶೆಗೆ ಹಾಕಿ ಕುಲುಕಿ ನೋಡಿ: ಗ್ಲೈಕಾಲ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ನನ್ನ ಶೀಶೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಪದರವೊಂದು ತೇಲಿ ನಿಂತಿತ್ತು.