ಯು ಆಕಾರದ ಫೋಮ್ ದಿಂಬು: ಕೂತರೆ ಉರಿಯುವವರಿಗೆ

ಬೆನ್ನುಮೂಳೆ ತುದಿಯ ನೋವಿಗೆ ಅಂತ ಮಾರುವ ದಿಂಬು ಇದು. ನಾನು ತಗೊಂಡಿದ್ದು ವಲ್ವೊಡೀನಿಯಾಕ್ಕೆ. ಯೋನಿಯ ಹೊರಭಾಗದಲ್ಲಿ ಉರಿ, ಚುಚ್ಚು ನೋವು. 3 ತಿಂಗಳು ದಾಟಿದರೂ ಹೋಗದೆ, ಸೋಂಕು, ಚರ್ಮದ ಕಾಯಿಲೆ ಯಾವುದೂ ಸಿಗದಿದ್ದರೆ ಡಾಕ್ಟರು ಈ ಹೆಸರು ಹೇಳುತ್ತಾರೆ. ನೋಡಿದರೆ ಏನೂ ಕಾಣಿಸಲ್ಲ, ಹಾಗಾಗಿ ಮನೆಯವರೂ ನಂಬಲ್ಲ. ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಜಾಗ ಮೆಲ್ಲಗೆ ಮುಟ್ಟಿ, "ಇಲ್ಲಿ ನೋವಾ?" ಅಂತ ಕೇಳಿದ ಡಾಕ್ಟರಮ್ಮನಿಂದ ನನಗೆ ಗೊತ್ತಾಯಿತು. ಅದಕ್ಕೂ ಮುಂಚೆ ಬೇರೆ ಕಡೆ ಪರೀಕ್ಷೆಯನ್ನೇ ಮಾಡದೆ ಫಂಗಸ್ ಕ್ರೀಮ್ ಬರೆದಿದ್ದೇ ಬರೆದಿದ್ದು.

ಹಾಸನದಲ್ಲಿ ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೀಸನ್‌ನಲ್ಲಿ ಕುರ್ಚಿ ಬಿಟ್ಟು ಏಳೋಕಾಗಲ್ಲ. ಬಿ.ಎಂ. ರಸ್ತೆಯ ಮೆಡಿಕಲ್ ಅಂಗಡಿಗೆ ಹೋಗಿ ದಿಂಬು ಕೇಳಿದರೆ ಹುಡುಗ ಎಲ್ಲರಿಗೂ ಕೇಳಿಸೋ ಹಾಗೆ "ಪೈಲ್ಸಾ ಅಕ್ಕ?" ಅಂದ. ಹೂಂ ಅಂದೆ. ಅದೇ ಸುಲಭ ಅಲ್ವಾ! ಮೊದಲು ತೋರಿಸಿದ್ದು ನಡುವೆ ತೂತಿರುವ ಗಾಳಿ ದಿಂಬು. ಅದು ಅಲ್ಲಾಡುತ್ತೆ, ಅಂಚು ಒತ್ತುತ್ತೆ. ಬೇಡ ಅಂದು ಇದನ್ನು ತಗೊಂಡೆ.

ಕತ್ತರಿಸಿದ ಭಾಗ ಹಿಂದಕ್ಕಿರಲಿ ಅಂತ ಚೀಟಿಯಲ್ಲಿದೆ. ನಮ್ಮಂಥವರು ತಿರುಗಿಸಿ ಮುಂದಕ್ಕೆ ಮಾಡಿಕೊಳ್ಳಬೇಕು. ಆಗ ತೂಕ ತೊಡೆ ಮೇಲೆ, ಕೂರುವ ಮೂಳೆಗಳ ಮೇಲೆ ಬೀಳುತ್ತೆ. ನೋಯುವ ಜಾಗಕ್ಕೆ ಏನೂ ತಾಗಲ್ಲ. ಫೋಮ್ ಗಟ್ಟಿ ಇದೆಯಾ ಅಂತ ಅಂಗಡಿಯಲ್ಲೇ ಒತ್ತಿ ನೋಡಿ. ಮೆತ್ತಗಿದ್ದರೆ ಕೂತ ಕೂಡಲೇ ಚಪ್ಪಟೆಯಾಗುತ್ತೆ, ಸುಮ್ನೆ ದುಡ್ಡು ದಂಡ.

ಕವರ್ ಮಾತ್ರ ಸರಿಯಿಲ್ಲ. ವೆಲ್ವೆಟ್ ಥರದ ಬಟ್ಟೆ, ಬೇಸಿಗೆಯಲ್ಲಿ ಬೆವರು, ಬೆವರಿದರೆ ಉರಿ ಜಾಸ್ತಿ. ಹಳೇ ಕಾಟನ್ ಸೀರೆ ಕತ್ತರಿಸಿ ಬೇರೆ ಕವರ್ ಹೊಲಿದುಕೊಂಡೆ. ಬೇಲೂರು ಮೇಲೆ ಚಿಕ್ಕಮಗಳೂರಿಗೆ ಬಸ್ಸಲ್ಲಿ ಹೋಗುವಾಗ ಹಂಪ್ ಬಂದಾಗೆಲ್ಲ ದಿಂಬು ಮುಂದಕ್ಕೆ ಜಾರುತ್ತೆ, ಜೊತೆಗೆ ನಾವೂ!

ಇದರಿಂದ ನೋವು ವಾಸಿಯಾಗುತ್ತೆ ಅಂತ ತಗೋಬೇಡಿ. ನನಗೆ ನೋವು ಇಳಿದಿದ್ದು ಫಿಸಿಯೋಥೆರಪಿಯಿಂದ. ನೋವಿಗೆ ಹೆದರಿ ಬಿಗಿದುಕೊಂಡಿರುವ ಒಳಗಿನ ಸ್ನಾಯುಗಳನ್ನು ಉಸಿರಿನ ಜೊತೆ ಸಡಿಲ ಬಿಡೋದನ್ನ ಕಲಿಸುತ್ತಾರೆ. ಜೊತೆಗೆ ಡಾಕ್ಟರು ಬರೆದುಕೊಟ್ಟ, ಆ ಜಾಗ ಮರಗಟ್ಟಿಸುವ ಲಿಡೊಕೇನ್ ಮುಲಾಮು, ರಾತ್ರಿ ಕಮ್ಮಿ ಡೋಸಿನ ಅಮಿಟ್ರಿಪ್ಟಿಲಿನ್. ಅದು ಖಿನ್ನತೆಯ ಮಾತ್ರೆ ಅಂತ ತಿಳಿದು ಅಮ್ಮ ಗಾಬರಿಯಾಗಿದ್ದರು. ನರದ ನೋವಿಗೂ ಕೊಡುತ್ತಾರೆ. ಘಮಘಮ ಸೋಪನ್ನೂ ಆ ಜಾಗಕ್ಕೆ ಹಾಕೋದು ಬಿಟ್ಟಿದ್ದೇನೆ.

ದಿನವಿಡೀ ಕುರ್ಚಿಯಲ್ಲಿ ಕೂರುವವರು ಧಾರಾಳವಾಗಿ ತಗೊಳ್ಳಿ. ಬರೀ ಬಸ್ಸಿಗೆ ಅಂತಾದರೆ ಬೇಡ.