ಆಟೋ, 11, 52, 149: ಅಪಾರ್ಟ್‌ಮೆಂಟ್ ವೈಫೈಗೆ ಯಾವ ಚಾನೆಲ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 149ಕ್ಕೆ. ಚಾನೆಲ್ ಎಂದರೆ ರೌಟರ್ ಮಾತಾಡುವ ರೇಡಿಯೋ ದಾರಿ, ಒಂದೊಂದಕ್ಕೂ ಒಂದು ನಂಬರು. ಬೆಂಗಳೂರಿನ ಅಪಾರ್ಟ್‌ಮೆಂಟು ನಮ್ಮದು. ಫೋನಿನಲ್ಲಿ ವೈಫೈ ಅನಲೈಸರ್ (ಸುತ್ತಲಿನ ವೈಫೈಗಳನ್ನು ತೋರಿಸುವ ಆ್ಯಪ್) ತೆರೆದರೆ ಅಕ್ಕಪಕ್ಕ, ಮೇಲೆ ಕೆಳಗಿನವರ ನೆಟ್‌ವರ್ಕುಗಳೆಲ್ಲ ಒಂದರ ಮೇಲೊಂದು ಕಮಾನು ಕಟ್ಟಿಕೊಂಡು ಕಾಣುತ್ತವೆ. ಹೊಸ ರೌಟರ್ ತಂದರೂ ಆಫೀಸ್ ಕಾಲ್‌ನಲ್ಲಿ ಧ್ವನಿ ತುಂಡಾಗುವುದು ನಿಲ್ಲಲಿಲ್ಲ. ಆಮೇಲೆ ಒಂದೊಂದೇ ಚಾನೆಲ್ ಹಾಕಿ ನೋಡಿದೆ.

ತಲೆ ತಿಂದಿದ್ದು ಆಟೋ, ಅಂದರೆ ಚಾನೆಲ್ಲನ್ನು ರೌಟರೇ ಆರಿಸಿಕೊಳ್ಳುವ ಸೆಟ್ಟಿಂಗ್. ನನ್ನ ರೌಟರ್ ಆನ್ ಆಗುವಾಗ ಒಮ್ಮೆ ಸುತ್ತ ನೋಡಿ, ಖಾಲಿ ಕಂಡ ಚಾನೆಲ್ ಹಿಡಿದು ಅಲ್ಲೇ ಕೂತುಬಿಡುತ್ತದೆ. ನಮ್ಮ ಬಿಲ್ಡಿಂಗಿನ ಜನರೇಟರ್ ಇರುವುದು ಲಿಫ್ಟಿಗೂ ನೀರಿನ ಪಂಪಿಗೂ ಮಾತ್ರ. ಕರೆಂಟ್ ಹೋಗಿ ಬಂತೆಂದರೆ ಎಲ್ಲರ ಮನೆಯ ರೌಟರ್‌ಗಳೂ ಒಟ್ಟಿಗೇ ಏಳುತ್ತವೆ. ಆ ಹೊತ್ತಿಗೆ ಯಾರೂ ಮಾತಾಡುತ್ತಿಲ್ಲ, ಎಲ್ಲಕ್ಕೂ ಎಲ್ಲ ಚಾನೆಲ್ಲೂ ಖಾಲಿಯೇ. ಆಮೇಲೆ ನೋಡಿದರೆ ಒಂದೇ ಕಡೆ ಜಾತ್ರೆ.

ಅದಕ್ಕಿಂತ ಕಿರಿಕಿರಿ ಎಂದರೆ ಒಂದು ಸಂಜೆ ಅದು 3ನೇ ಚಾನೆಲ್ ಹಿಡಿದು ಕೂತಿತ್ತು. ವೈಫೈ ಬಳಸುವ ರೇಡಿಯೋ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಆದರೆ ಒಂದೊಂದು ಸಿಗ್ನಲ್ಲಿಗೆ ಬೇಕಾಗುವುದು ಸುಮಾರು 20. ಹಾಗಾಗಿ ಒಂದನ್ನೊಂದು ತುಳಿಯದೆ ಇರಬಲ್ಲವು 1, 6, 11 ಮಾತ್ರ. ಒಂದೇ ಚಾನೆಲ್‌ನಲ್ಲಿರುವ ರೌಟರ್‌ಗಳು ಪರಸ್ಪರ ಕೇಳಿಸಿಕೊಂಡು ಸರದಿಯಲ್ಲಿ ಮಾತಾಡುತ್ತವೆ. 3ರಲ್ಲಿ ಕೂತವನಿಗೆ 1 ಮತ್ತು 6 ಎರಡರದ್ದೂ ಬರೀ ಗದ್ದಲ. ಅವರಿಗೆ ಇವನೂ ಗದ್ದಲವೇ.

ಕೈಯಾರೆ 11 ಹಾಕಿ, ಸಿಗ್ನಲ್ಲಿನ ಅಗಲವನ್ನು 40 ಮೆಗಾಹರ್ಟ್ಸ್‌ನಿಂದ 20ಕ್ಕೆ ಇಳಿಸಿದ ಮೇಲೆ ಎಷ್ಟೋ ವಾಸಿ. ಆದರೆ ಮೈಕ್ರೋವೇವ್ ಕೆಲಸ ಮಾಡುವುದೂ 2450 ಮೆಗಾಹರ್ಟ್ಸ್ ಆಸುಪಾಸಿನಲ್ಲೇ. ಅಮ್ಮ ಸಾರು ಬಿಸಿಗಿಟ್ಟರೆ ನನ್ನ ಕಾಲ್ ತೊದಲುತ್ತದೆ.

ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ನ 36ನೇ ಚಾನೆಲ್ (52, 149 ಇರುವುದೂ ಈ ಪಟ್ಟಿಯಲ್ಲೇ) ಪರವಾಗಿಲ್ಲ, ಆದರೆ ನಮ್ಮ ಬಿಲ್ಡಿಂಗಿನ ಅರ್ಧ ಜನ ಅಲ್ಲೇ ಇದ್ದಾರೆ. 52ರಲ್ಲಿ ಒಬ್ಬರೂ ಇಲ್ಲ, ಪ್ರಶಾಂತ. ಅದು ರಡಾರ್ ಜೊತೆ ಹಂಚಿಕೊಳ್ಳುವ ಜಾಗವಾದ್ದರಿಂದ ರೌಟರ್ ಶುರುವಾಗುವ ಮೊದಲು ಒಂದು ನಿಮಿಷ ಸುಮ್ಮನೆ ಆಲಿಸಬೇಕು. ನಡುವೆ ರಡಾರ್ ಕೇಳಿಸಿದರೆ ಜಾಗ ಖಾಲಿ ಮಾಡಬೇಕು. ಕರೆಂಟ್ ಬಂದ ಮೇಲೆ ಆ ಒಂದು ನಿಮಿಷದೊಳಗೆ ನಮ್ಮ ಟಿವಿ 2.4ಕ್ಕೆ ಅಂಟಿಕೊಂಡು, ಮತ್ತೆ ಕೈಯಾರೆ ಬದಲಿಸುವ ತನಕ ಅಲ್ಲಿಂದ ಕದಲುವುದಿಲ್ಲ.

149ಕ್ಕೆ ಆ ಕಾಯುವಿಕೆ ಇಲ್ಲ, ನಮ್ಮ ಸುತ್ತ ಜನವೂ ಕಡಿಮೆ. ಭಾವ ಜರ್ಮನಿಯಿಂದ ತಂದ ಹಳೇ ಟ್ಯಾಬ್ಲೆಟ್ಟಿಗೆ ಮಾತ್ರ ಅದು ಕಾಣಿಸುವುದೇ ಇಲ್ಲ. ಎರಡು ಗೋಡೆ ದಾಟಿ ಬಾಲ್ಕನಿಗೂ ತಲುಪುವುದಿಲ್ಲ.

ನಮ್ಮದು 100 ಎಂಬಿಪಿಎಸ್ ಪ್ಲಾನ್, ನಾನು ಕೂರುವ ಮೇಜು ರೌಟರ್ ಇರುವ ಹಾಲ್‌ನಲ್ಲೇ. ಅದಕ್ಕೇ 149, ಅಗಲ 40. ಬಾಲ್ಕನಿ ಕ್ಯಾಮೆರಾ, ಅಮ್ಮನ ಫೋನು, ಭಾವನ ಟ್ಯಾಬ್ಲೆಟ್ 11ರಲ್ಲಿ. ಮನೆ ದೊಡ್ಡದಿದ್ದು ಒಳರೂಮಿನಲ್ಲಿ ಕೆಲಸ ಮಾಡುವವರು ಮೆಶ್ (ಮನೆಯ ಬೇರೆಬೇರೆ ಕಡೆ ಇಟ್ಟು ಒಂದೇ ವೈಫೈ ಹರಡುವ ರೌಟರ್‌ಗಳ ಜೋಡಿ) ತಗೊಳ್ಳಿ; ನಾನು ಆ ದುಡ್ಡಲ್ಲಿ ಮೊದಲು ರೌಟರಿಗೊಂದು ಪುಟ್ಟ ಯುಪಿಎಸ್ ತರುತ್ತೇನೆ.