ಟಸ್ಕಲೂಸಾದ ಮಲೋನ್-ಹುಡ್ ಪ್ಲಾಝಾ: ಮೊದಲು ಇಲ್ಲಿಗೆ ಬರಬೇಡಿ

ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಮೊದಲ ಕಪ್ಪು ವಿದ್ಯಾರ್ಥಿಗಳಾದ ಆಥರೀನ್ ಲೂಸಿ, ವಿವಿಯನ್ ಮಲೋನ್, ಜೇಮ್ಸ್ ಹುಡ್ ನೆನಪಿಗೆ ಫಾಸ್ಟರ್ ಆಡಿಟೋರಿಯಂ ಮುಂದೆ 2010ರಲ್ಲಿ ಈ ಪ್ಲಾಝಾ ಆಯಿತು. ಟಿಕೆಟ್ ಇಲ್ಲ. ಬರ್ಮಿಂಗ್‌ಹ್ಯಾಮ್‌ನಿಂದ ಕಾರಿನಲ್ಲಿ ಒಂದು ಗಂಟೆ. ಅಟ್ಲಾಂಟಾ ಕಡೆಯ ಕನ್ನಡಿಗರಿಗೆ ಸುಮಾರು ಮೂರು. ದಾರಿಯಲ್ಲಿ ಟೈಮ್ ಝೋನ್ ಬದಲಾಗುವುದರಿಂದ ಹೋಗುವಾಗ ಒಂದು ಗಂಟೆ ಉಳಿಯುತ್ತದೆ, ಬರುವಾಗ ಅದೇ ಗಂಟೆ ಕೈಬಿಡುತ್ತದೆ.

ಬಹುತೇಕರು ಮಾಡುವುದಿಷ್ಟು: 1963ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಗವರ್ನರ್ ಜಾರ್ಜ್ ವ್ಯಾಲೆಸ್ ಅಡ್ಡ ನಿಂತ ಫಾಸ್ಟರ್ ಬಾಗಿಲಿನ ಮುಂದೆ ಒಂದು ಫೋಟೊ, ಗಡಿಯಾರ ಗೋಪುರದ ಕೆಳಗೆ ಇನ್ನೊಂದು, ಆಮೇಲೆ ಊಟಕ್ಕೆ. ಹೀಗೆ ನೋಡಿದರೆ ಕತೆಯ ಅರ್ಧವೂ ದಕ್ಕುವುದಿಲ್ಲ. ಗೋಪುರಕ್ಕೆ ಆಥರೀನ್ ಲೂಸಿ ಹೆಸರಿದೆ, ಆದರೆ ಆಕೆಗೆ ಒದಗಿದ ಗತಿಗೂ ಈ ಅಂಗಳಕ್ಕೂ ಸಂಬಂಧವಿಲ್ಲ. ಅದು ನಡೆದದ್ದು ವ್ಯಾಲೆಸ್ ಅಡ್ಡ ನಿಲ್ಲುವುದಕ್ಕೆ ಏಳು ವರ್ಷ ಮೊದಲು, ಕ್ಯಾಂಪಸ್‌ನ ಬೇರೆ ಜಾಗದಲ್ಲಿ.

ಆದ್ದರಿಂದ ಯೂನಿವರ್ಸಿಟಿ ಬುಲೆವಾರ್ಡ್ ಬದಿಯ ಆಥರೀನ್ ಲೂಸಿ ಹಾಲ್‌ನಿಂದ ಶುರುಮಾಡಿ. ಮೊದಲು ಇದು ಗ್ರೇವ್ಸ್ ಹಾಲ್. 1956ರ ಫೆಬ್ರವರಿ 6ರಂದು ಬಿಳಿಯರ ಗುಂಪು ಮೊಟ್ಟೆ ಎಸೆಯುತ್ತ ಬೆನ್ನಟ್ಟಿದಾಗ ಲೂಸಿ ಸಿಕ್ಕಿಕೊಂಡದ್ದು ಇದರೊಳಗೆ. ಪೊಲೀಸ್ ಕಾರಿನಲ್ಲಿ ಅಡಗಿಸಿ ಹೊರಗೆ ಸಾಗಿಸಬೇಕಾಯಿತು. ‘ನಿನ್ನ ರಕ್ಷಣೆಗಾಗಿ’ ಎಂದು ವಿಶ್ವವಿದ್ಯಾಲಯ ಮೊದಲು ಅಮಾನತು ಮಾಡಿತು. ಗುಂಪಿನೊಂದಿಗೆ ಆಡಳಿತವೂ ಶಾಮೀಲು ಎಂದು ಆಕೆಯ ವಕೀಲರು ಕೋರ್ಟಿನಲ್ಲಿ ಆರೋಪಿಸಿದ್ದನ್ನೇ ನೆಪ ಮಾಡಿ ಹೊರಗೇ ಹಾಕಿತು. ಆ ಆದೇಶ ರದ್ದಾದದ್ದು 1988ರಲ್ಲಿ. 1992ರಲ್ಲಿ ಆಕೆ ಅಲ್ಲೇ ಎಂ.ಎ. ಮುಗಿಸಿದರು, ಮಗಳು ಪದವಿ ಪಡೆದದ್ದೂ ಅದೇ ವರ್ಷ.

ಕಟ್ಟಡದ ಹೆಸರಿನದೇ ಒಂದು ಪ್ರಸಂಗ. ಬಿಬ್ ಗ್ರೇವ್ಸ್ ಗವರ್ನರ್ ಆಗಿದ್ದವರು, ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಕು ಕ್ಲಕ್ಸ್ ಕ್ಲಾನ್‌ನ ಮುಖಂಡರೂ ಹೌದು. 2022ರ ಫೆಬ್ರವರಿ ಆರಂಭದಲ್ಲಿ ಟ್ರಸ್ಟಿಗಳು ಇಬ್ಬರನ್ನೂ ಸೇರಿಸಿ ‘ಲೂಸಿ-ಗ್ರೇವ್ಸ್ ಹಾಲ್’ ಎಂದು ಬರೆಸಲು ಹೊರಟರು. ಬೇಟೆಗಾರನ ಹೆಸರನ್ನೂ ಬೇಟೆಗೀಡಾದವಳ ಹೆಸರನ್ನೂ ಒಂದೇ ಹಲಗೆಯಲ್ಲಿ! ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದ ಮೇಲೆ ಒಂದೇ ವಾರದಲ್ಲಿ ಗ್ರೇವ್ಸ್ ಹೆಸರು ಬಿತ್ತು. ಫೆಬ್ರವರಿ 25ರ ಸಮಾರಂಭಕ್ಕೆ ಲೂಸಿ ಬಂದಿದ್ದರು. ಮಾರ್ಚ್ 2ರಂದು ತೀರಿಕೊಂಡರು. ಕಟ್ಟಡದ ಮುಂದೆ 2017ರಲ್ಲಿ ನೆಟ್ಟ ಇತಿಹಾಸ ಫಲಕವಿದೆ, ಅದನ್ನು ಬಿಡದೆ ಓದಿ.

ಅಲ್ಲಿಂದ ನಡೆದೇ ಫಾಸ್ಟರ್‌ಗೆ ಬನ್ನಿ. ಗೋಪುರ ಸುಮಾರು 40 ಅಡಿ; ಅದರ ಕಂಚಿನ ಫಲಕಗಳಲ್ಲಿ ಲೂಸಿ, ವಿವಿಯನ್ ಮಲೋನ್, ಜೇಮ್ಸ್ ಹುಡ್ ಮೂವರ ಕತೆಯೂ ಇದೆ. ಓದದೆ ಗಡಿಯಾರ ಮಾತ್ರ ನೋಡಿದವರಿಗೆ ಇದು ಯಾವ ಕಾಲೇಜಿನಲ್ಲೂ ಇರುವ ಗಡಿಯಾರ, ಅಷ್ಟೆ. ಸುಮಾರು ಮೂರು ಗಂಟೆ ಡ್ರೈವ್ ಮಾಡುವ ಮನಸ್ಸಿದ್ದರೆ ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನಲ್ಲಿ 2006ರಲ್ಲಿ ನಿಲ್ಲಿಸಿದ, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೊದಲ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರಿಡಿತ್ ಪ್ರತಿಮೆ ನೋಡಿ: ಕಲ್ಲಿನ ಬಾಗಿಲಿನತ್ತ ಹೆಜ್ಜೆ ಹಾಕುತ್ತಿರುವ ಮನುಷ್ಯ. ಮಕ್ಕಳಿಗೂ ಕಂಡ ಕೂಡಲೇ ಅರ್ಥವಾಗುತ್ತದೆ. ವಿನ್ಯಾಸದಲ್ಲಿ ಅದೇ ಮೇಲು. ಜಾಗದ ಸತ್ಯದಲ್ಲಿ ಫಾಸ್ಟರ್ ಮೇಲು, ಏಕೆಂದರೆ ಇಲ್ಲಿರುವುದು ಅಸಲಿ ಬಾಗಿಲು.

ಆ ಬಾಗಿಲಿನ ಬಗ್ಗೆ ಒಂದು ತಪ್ಪು ಕಲ್ಪನೆ ಜೋರಾಗಿದೆ. 1963ರ ಜೂನ್ 11ರ ಬೆಳಿಗ್ಗೆ ವ್ಯಾಲೆಸ್ ಎದುರು ನಿಂತದ್ದು ಮಲೋನ್ ಮತ್ತು ಹುಡ್ ಅಲ್ಲ, ಕೇಂದ್ರ ನ್ಯಾಯ ಇಲಾಖೆಯ ನಿಕೋಲಸ್ ಕಾಟ್ಜೆನ್‌ಬಾಕ್. ವಿದ್ಯಾರ್ಥಿಗಳಿಬ್ಬರೂ ಕಾರಿನಲ್ಲಿದ್ದರು. ಅಧ್ಯಕ್ಷ ಕೆನಡಿ ಅಲಬಾಮಾದ ಮೀಸಲು ಸೇನೆ ನ್ಯಾಷನಲ್ ಗಾರ್ಡನ್ನು ಕೇಂದ್ರದ ಕೈಗೆ ತೆಗೆದುಕೊಂಡ ಮೇಲೆ, ಮಧ್ಯಾಹ್ನ ಆ ಗಾರ್ಡಿನ ಜನರಲ್ ಹೆನ್ರಿ ಗ್ರಹಾಂ ಕೇಳಿದಾಗ ವ್ಯಾಲೆಸ್ ಸರಿದರು. ಆಮೇಲೆಯೇ ಇಬ್ಬರೂ ಒಳಗೆ ಹೋಗಿ ದಾಖಲಾದದ್ದು. ಮಲೋನ್ 1965ರಲ್ಲಿ ಪದವಿ ಪಡೆದರು. ಹುಡ್ ಎರಡು ತಿಂಗಳಲ್ಲಿ ಬಿಟ್ಟು, 1997ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು.

ಫಾಸ್ಟರ್ ಮ್ಯೂಸಿಯಂ ಅಲ್ಲ, ವಾಲಿಬಾಲ್ ಆಡುವ ಜಾಗ. ಒಳಗೆ ಬಿಡುತ್ತಾರೆಂದು ನಂಬಿ ಹೋಗಬೇಡಿ. ಎರಡೂ ಜಾಗಕ್ಕೆ ಸೇರಿ ಒಂದೂವರೆ ಗಂಟೆ ಸಾಕು. ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಮುಗಿಸಿ. ಶರತ್ಕಾಲದ ಶನಿವಾರ ಇಲ್ಲಿ ಫುಟ್‌ಬಾಲ್ ಇದ್ದರೆ ಲಕ್ಷ ಜನ ಸೇರುತ್ತಾರೆ, ಪಾರ್ಕಿಂಗ್ ಸಿಗದು, ಭಾನುವಾರಕ್ಕೆ ಮುಂದೂಡಿ.